ಅಂದ್ರೆ ಮೇಡಂ ಮತ್ತು ಮಾರುಕಟ್ಟೆ ಮೇಲಿನ ಕೋಣೆ

ಮೇಡಂ ಅವತ್ತು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. "ಇವರ ಕಡೆ ರೂಢಿ ಹೀಗಿದೆ, ಸ್ವಲ್ಪ ತಾಳಿ" ಎಂದಿದ್ದರೆ ನಾನು ತಾಳಿಕೊಳ್ಳುತ್ತಿದ್ದೆ. ಹೇಳಲಿಲ್ಲ. ಕೈಕಟ್ಟಿ ಕೂತು, ಇಡೀ ಕ್ಲಾಸಿನ ಎದುರು ನಾನು ಉಕ್ಕಿ ಚೆಲ್ಲುವವರೆಗೂ ನೋಡಿದರು. ವರ್ಷಗಳಾದವು, ಆ ಸಿಟ್ಟು ನನ್ನಲ್ಲಿ ಹಾಗೇ ಇದೆ. ಅವರ ಬಗ್ಗೆ ಬರೆಯಬೇಕೆಂದು ಕೂತಾಗಲೂ ಮೊದಲು ಎದ್ದು ನಿಂತದ್ದು ಅದೇ. ಆದ್ದರಿಂದ ಅದನ್ನು ಮೊದಲೇ ಹೇಳಿ ಪಕ್ಕಕ್ಕಿಟ್ಟಿದ್ದೇನೆ. ಉಳಿದದ್ದನ್ನು ಸಮಾಧಾನವಾಗಿ ಹೇಳುತ್ತೇನೆ.

ನಾನು ಬಸ್ ಡಿಪೋದಲ್ಲಿ ಬ್ರೇಕ್ ಕೆಲಸ ಮಾಡುವ ಮೆಕ್ಯಾನಿಕ್. ಓದಿದ್ದು ಐದನೇ ಕ್ಲಾಸಿನವರೆಗೆ, ಅದೂ ಮೇಷ್ಟ್ರ ಕೃಪೆಯಿಂದ. ಈಗ ಇರುವ ಊರಿನಲ್ಲಿ ಜನ ನಾನಾ ಕಡೆಯಿಂದ ಬಂದವರು. ಒಬ್ಬೊಬ್ಬರದು ಒಂದೊಂದು ಭಾಷೆ. ಎಲ್ಲರ ನಡುವೆ ಓಡಾಡುವುದು ಇಂಗ್ಲಿಷ್ ಒಂದೇ. ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು. ನಟ್ಟು, ಬೋಲ್ಟು, ಲೈನರು, ಡ್ರಮ್ಮು, ಎಲ್ಲ ಇಂಗ್ಲಿಷೇ ತಾನೆ. ಆದರೆ ಮಾತಿಗೆ ಮಾತು ಬೆಳೆಯಿತೆಂದರೆ ಜಾರಿ ಕನ್ನಡಕ್ಕೆ ಬೀಳುತ್ತಿದ್ದೆ. ಎದುರಿನವನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಬೈಯುತ್ತಿದ್ದೇನೆ ಎಂಬುದು ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು.

ನನ್ನ ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಾಳೆ. ಒಂದು ದಿನ ಬಟ್ಟೆ ಮಡಿಸುತ್ತಾ ಅಂದಳು, "ರೀ, ನೀವು ಬೈದಿದ್ದು ಅವ್ರಿಗೆ ಅರ್ಥಾನೇ ಆಗ್ದಿದ್ರೆ ಅಷ್ಟು ಬೈಗುಳ ದಂಡ ಅಲ್ವಾ? ಮಾರುಕಟ್ಟೆ ಮೇಲೆ ಯಾರೋ ಒಬ್ಬ ಮೇಡಂ ಕ್ಲಾಸ್ ಮಾಡ್ತಾರಂತೆ. ಹೋಗಿ ಕಲ್ತ್ಕೊಂಡು ಬನ್ನಿ, ಆಮೇಲೆ ಧಾರಾಳವಾಗಿ ಬೈಯಿರಿ."

ಹಾಗೆ ಹೋದವನು ನಾನು.

ಮಾರುಕಟ್ಟೆಯ ಕಟ್ಟಡದ ಮೇಲಂತಸ್ತಿನಲ್ಲಿ ಒಂದು ಉದ್ದನೆಯ ಕೋಣೆ. ಹಿಂದೆ ಹಳೆಯ ತಕ್ಕಡಿ, ತೂಕದ ಕಲ್ಲುಗಳನ್ನು ಇಡುತ್ತಿದ್ದ ಜಾಗ. ಒಂದು ಮೂಲೆಯಲ್ಲಿ ಅವು ಆಗಲೂ ಇದ್ದವು. ಮಾರುಕಟ್ಟೆ ಕಮಿಟಿಯವರು ಸಂಜೆ ಹೊತ್ತು ಕ್ಲಾಸಿಗೆಂದು ಅದನ್ನು ಬಿಟ್ಟುಕೊಟ್ಟಿದ್ದರು. ಒಂದೊಂದು ಎತ್ತರದ ಕುರ್ಚಿಗಳು, ನಡುವೆ ಉದ್ದ ಮೇಜು, ಗೋಡೆಗೆ ಒರಗಿಸಿದ ಬೋರ್ಡು, ಕಿಟಕಿಯ ಕೆಳಗೆ ಕೈತೊಳೆಯುವ ತೊಟ್ಟಿ, ಪಕ್ಕದಲ್ಲಿ ಟೀ ಕೆಟಲ್.

ಮೇಡಂಗೆ ಆಗ ಐವತ್ತರ ಮೇಲೆ ವಯಸ್ಸು. ಸಣ್ಣ ಆಳು, ದಪ್ಪ ಕನ್ನಡಕ, ದನಿ ಇನ್ನೂ ಸಣ್ಣದು. ಬಹಳ ವರ್ಷ ಕೋರ್ಟಿನಲ್ಲಿ ಶೀಘ್ರಲಿಪಿ ಬರೆಯುವ ಕೆಲಸದಲ್ಲಿದ್ದವರು. ವಕೀಲರು ಕೂಗಾಡುತ್ತಿದ್ದರೆ, ಸಾಕ್ಷಿಗಳು ಅಳುತ್ತಿದ್ದರೆ, ಕೆಳಗಿನ ಪುಟ್ಟ ಮೇಜಿನಲ್ಲಿ ಕೂತು ಎಲ್ಲವನ್ನೂ ಗೀಚಿಕೊಳ್ಳುವುದು. ಅಷ್ಟು ವರ್ಷದಲ್ಲಿ "ನಿಮಗೇನನ್ನಿಸುತ್ತೆ?" ಎಂದು ಅವರನ್ನು ಒಬ್ಬರೂ ಕೇಳಿರಲಿಲ್ಲವಂತೆ. ಮಾತು ಹಿಡಿಯುವ ಯಂತ್ರ ಬಂತು, ಕೆಲಸ ಹೋಯಿತು. ಮದುವೆಯಾಗಿರಲಿಲ್ಲ. ಅಕ್ಕನ ಜೊತೆ ವಾಸ. ಕಿಟಕಿ ಎಷ್ಟು ತೆರೆಯಬೇಕು, ದೀಪ ಯಾವಾಗ ಆರಿಸಬೇಕು ಎಂಬುದೆಲ್ಲ ಅಕ್ಕನದೇ ತೀರ್ಮಾನ. ಇದನ್ನೆಲ್ಲ ಅವರೇ ನಗುತ್ತಾ ಹೇಳಿದ್ದು.

ಕ್ಲಾಸಿನಲ್ಲಿ ಅವರಿಗೊಂದು ಚಾಳಿ. ಯಾರು ಏನೇ ಹೇಳಲಿ, ತಲೆ ವಾರೆ ಮಾಡಿ "ಅಂದ್ರೆ?" ಎಂದು ಕೇಳುತ್ತಿದ್ದರು. ಕೇಳುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅಲ್ಲಿ ನಡೆದ ಮಾತೆಲ್ಲ ಇಂಗ್ಲಿಷೇ, ನಮ್ಮೆಲ್ಲರ ಮುರುಕು ಇಂಗ್ಲಿಷು. ಓದುವವರಿಗೆ ತೊಂದರೆಯಾಗದಿರಲಿ ಎಂದು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. "ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಮೊದಲು ಬಂದವರಿಗೆ" ಅಂದರೆ "ಅಂದ್ರೆ?" "ಟಿ.ವಿ. ರಿಮೋಟು ಮನೆಯ ಹಿರಿಯರ ಕೈಯಲ್ಲಿರಬೇಕು" ಅಂದರೆ "ಅಂದ್ರೆ?" ನಾನು ಮನೆಗೆ ಬಂದು ಅವರ ಹಾಗೆಯೇ ತಲೆ ವಾರೆ ಮಾಡಿ ತೋರಿಸಿದ್ದೆ. ಅವತ್ತಿನಿಂದ ನನ್ನ ಹೆಂಡತಿಯ ಬಾಯಲ್ಲಿ ಅವರು 'ಅಂದ್ರೆ ಮೇಡಂ' ಆದರು.

ವ್ಯಾಕರಣ ಕಲಿಸುತ್ತಾರೆ ಎಂದುಕೊಂಡು ಹೋದರೆ ಅವರು ಕಲಿಸುತ್ತಿದ್ದದ್ದು ವಾದ ಮಾಡುವುದನ್ನು. ಅದಕ್ಕೆ ಕಾರಣವಿತ್ತು. ಎಷ್ಟೇ ಇಂಗ್ಲಿಷ್ ಕಲಿತ ಜನವೂ, ಎದುರಿನವರು "ಆಗಲ್ಲ" ಎಂದ ಕೂಡಲೇ ಬಾಯಿ ಮುಚ್ಚಿ ಮನೆಗೆ ಹೋಗುವುದನ್ನು ಅವರು ನೋಡಿದ್ದರು. ಬಾಡಿಗೆ ಮನೆಯಲ್ಲಿ, ಆಸ್ಪತ್ರೆಯಲ್ಲಿ, ಮಕ್ಕಳ ಶಾಲೆಯಲ್ಲಿ, ಎಲ್ಲ ಕಡೆ. "ನಿಮ್ಗೆ ಬೇಕಾಗಿರೋದು ಇಂಗ್ಲಿಷಲ್ಲಿ 'ಇಲ್ಲ' ಅನ್ನೋದು, ಇನ್ನೊಬ್ರು 'ಇಲ್ಲ' ಅಂದಾಗ ಅಲ್ಲೇ ನಿಲ್ಲೋದು" ಎನ್ನುತ್ತಿದ್ದರು.

ಆದರೆ ಒಬ್ಬೊಬ್ಬರು "ಇಲ್ಲ" ಎನ್ನುವ ರೀತಿ ಒಂದೊಂದು. ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಇದ್ದಳು, ನಾನು ಬ್ರೆಡ್ಡಕ್ಕ ಅಂತ ಕರೆಯುತ್ತಿದ್ದೆ. ಅವಳಿಗೆ ಒಪ್ಪಿಗೆಯಿಲ್ಲದಿದ್ದರೆ ದನಿ ಇಳಿಸಿ ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದಳು. ಲಾರಿ ಓಡಿಸುವ ಹುಡುಗಾಟದ ಮನುಷ್ಯ ಒಬ್ಬ, ಅವನನ್ನು ಲಾರಿ ತಮ್ಮ ಎನ್ನುತ್ತಿದ್ದೆವು. ಅವನು ಎದುರಾಳಿಯ ಹೆಗಲ ಮೇಲೆ ಕೈ ಹಾಕಿ, ಅವನ ಮಾತು ಮುಗಿಯುವ ಮೊದಲೇ ತನ್ನದನ್ನು ಶುರು ಮಾಡುತ್ತಿದ್ದ. ಅವರ ಕಡೆ ಹಾಗೆ ಮಾಡದಿದ್ದರೆ ಮಾತಿನಲ್ಲಿ ಆಸಕ್ತಿಯಿಲ್ಲ ಅಂತ ಅರ್ಥವಂತೆ. ನಾನು ಕೂಗುತ್ತಿದ್ದೆ. ಕಟಿಂಗ್ ಯಜಮಾನರು ತಲೆಯಾಡಿಸಿ ಒಪ್ಪಿಬಿಡುತ್ತಿದ್ದರು.

ಕಟಿಂಗ್ ಯಜಮಾನರೆಂದರೆ, ಅದೇ ಮಾರುಕಟ್ಟೆಯ ಮೆಟ್ಟಿಲ ಕೆಳಗೆ ಒಂದು ಕುರ್ಚಿ, ಒಂದು ಕನ್ನಡಿ ಇಟ್ಟುಕೊಂಡು ಕ್ಷೌರ ಮಾಡುತ್ತಿದ್ದ ಹಿರಿಯರು. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಅವರ ಜೊತೆ ಯಾರನ್ನು ವಾದಕ್ಕೆ ಕೂರಿಸಿದರೂ ವಾದ ಎದ್ದೇಳುತ್ತಲೇ ಇರಲಿಲ್ಲ. ಎದುರಾಳಿ ಮಾತು ಮುಗಿಸಿದ ಕೂಡಲೇ ಎದೆಯ ಮೇಲೆ ಕೈ ಇಟ್ಟು, "ನೀವು ಹೇಳಿದ್ದು ನನ್ನದಕ್ಕಿಂತ ಚೆನ್ನಾಗಿದೆ" ಅಂದುಬಿಡುವುದು.

ಮೇಡಂ ಯಾರನ್ನೂ ಒಂದೇ ಅಚ್ಚಿಗೆ ಹಾಕಲಿಲ್ಲ. ಬ್ರೆಡ್ಡಕ್ಕನಿಗೆ, "ನೀನು ಕೇಳೋ ಪ್ರಶ್ನೆನೇ ನಿನ್ನ ವಾದ. ಕೇಳಿ ತಲೆ ತಗ್ಗಿಸ್ಬೇಡ, ಉತ್ತರ ಬರೋವರ್ಗೂ ಅವ್ರ ಮುಖ ನೋಡ್ತಾ ಇರು" ಅಂದರು. ಲಾರಿ ತಮ್ಮನಿಗೆ, "ಕೈ ಮೇಜಿನ ಮೇಲೆ. ಹೆಗಲು ಅವ್ರದ್ದು." ನನಗೆ ಹೇಳಿದ್ದು ಬೇರೆ. "ಸಿಟ್ಟು ಇರ್ಲಿ, ಬಿಡ್ಬೇಡಿ. ಆದ್ರೆ ಮೊದಲ್ನೇ ವಾಕ್ಯಕ್ಕೇ ಪೂರ್ತಿ ಖರ್ಚು ಮಾಡ್ಬಿಟ್ರೆ ಕೊನೇ ವಾಕ್ಯಕ್ಕೆ ಏನ್ ಉಳಿಯುತ್ತೆ?"

ಎರಡು ಕಟ್ಟಳೆ ಮಾತ್ರ ಎಲ್ಲರಿಗೂ ಒಂದೇ. ವಾದ ಮುಗಿದ ಮೇಲೆ ಎದುರುಬದುರಾಗಿದ್ದ ಇಬ್ಬರೂ ಒಟ್ಟಿಗೆ ತೊಟ್ಟಿಯ ಹತ್ತಿರ ನಿಂತು ಕ್ಲಾಸಿನವರ ಟೀ ಲೋಟಗಳನ್ನೆಲ್ಲ ತೊಳೆಯಬೇಕು. ಒಬ್ಬರು ತೊಳೆಯುವುದು, ಒಬ್ಬರು ಒರೆಸುವುದು. ಲಾರಿ ತಮ್ಮನ ಜೊತೆ ನಾನು ಅದೆಷ್ಟು ಲೋಟ ತೊಳೆದಿದ್ದೇನೋ. ಹಲ್ಲು ಕಚ್ಚಿಕೊಂಡು ಶುರು ಮಾಡಿದರೆ ಮೂರನೇ ಲೋಟಕ್ಕೆ ಅವನು ಏನಾದರೂ ಒಂದು ಅಂದು ನಗಿಸಿಬಿಡುತ್ತಿದ್ದ.

ಇನ್ನೊಂದು ಕಟ್ಟಳೆ ನನ್ನ ಮೈಯೆಲ್ಲ ಉರಿಸುವಂಥದ್ದು. ಎದುರಾಳಿಗೆ ಉತ್ತರ ಕೊಡುವ ಮೊದಲು, ಅವನು ಹೇಳಿದ್ದನ್ನು ನಾವು ನಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಅವನು "ಹೌದು, ಅದೇ" ಎಂದ ಮೇಲೆಯೇ ನಮ್ಮ ಸರದಿ.

"ಮೇಡಂ, ಅವ್ನ ಮೂಟೆ ನಾನ್ಯಾಕೆ ಹೊರ್ಬೇಕು?" ಎಂದು ಕೇಳಿದ್ದೆ.

"ಎತ್ತದೆ ಇದ್ರೆ ಅದ್ರಲ್ಲಿ ಏನಿದೆ ಅಂತ ಹೇಗೆ ಗೊತ್ತಾಗುತ್ತೆ?" ಎಂದಿದ್ದರು.

ಈಗ ಆ ಸಿಟ್ಟಿನ ಸಂಜೆಗೆ ಬರುತ್ತೇನೆ. ಅವತ್ತಿನ ವಿಷಯ: ಅಂಗಡಿಯಲ್ಲಿ ಸರತಿ ಸಾಲು ಬೇಕೋ ಬೇಡವೋ. ನಾನು ಬೇಕು ಎನ್ನುವ ಕಡೆ, ಕಟಿಂಗ್ ಯಜಮಾನರು ಬೇಡ ಎನ್ನುವ ಕಡೆ. ಅವರು ಅಪರೂಪಕ್ಕೆ ಬಾಯಿ ಬಿಟ್ಟು, ಬಹಳ ಚೆನ್ನಾಗಿಯೇ ಹೇಳಿದರು. ಕೈಗೂಸು ಇರುವವಳು, ಕಾಲು ನೋವಿನವನು, ಮನೆಯಲ್ಲಿ ಕಾಯಿಲೆಯವರನ್ನು ಬಿಟ್ಟು ಬಂದವನು, ಇವರು ಯಾರೆಂದು ಸಾಲಿಗೆ ಗೊತ್ತಾಗುವುದಿಲ್ಲ, ಮನುಷ್ಯರಿಗೆ ಗೊತ್ತಾಗುತ್ತದೆ ಎಂದರು. ನಾನು ಶ್ರದ್ಧೆಯಿಂದ ಅದನ್ನು ತಿರುಗಿ ಹೇಳಿದೆ. ಒಂದನ್ನೂ ಬಿಡಲಿಲ್ಲ.

ಯಜಮಾನರು ಎದೆಯ ಮೇಲೆ ಕೈ ಇಟ್ಟು ನಕ್ಕರು. "ಇಲ್ಲ, ಇಲ್ಲ."

ಎಲ್ಲಿ ತಪ್ಪಿತು ಎಂದು ಯೋಚಿಸಿ ಇನ್ನೊಮ್ಮೆ ಹೇಳಿದೆ, ನಿಧಾನವಾಗಿ, ಬೆರಳು ಮಡಿಸಿ ಮಡಿಸಿ.

"ಇಲ್ಲಪ್ಪಾ, ಇಲ್ಲ." ಈ ಸಲ ನಗು ಇನ್ನೂ ಅಗಲ.

ಲಾರಿ ತಮ್ಮ ಕಿಸಕ್ಕನೆ ನಕ್ಕ. ನನ್ನ ಕಿವಿ ಬಿಸಿಯಾಯಿತು. ಮೇಡಂ ಕಡೆ ನೋಡಿದೆ. ಅವರು ಕೈಕಟ್ಟಿ ಕೂತಿದ್ದರು. ನಾನು ಮೇಜು ಗುದ್ದಿದೆ. "ಆಟ ಆಡ್ತಿದೀರಾ ನನ್ನ ಜೊತೆ? ನೀವೇ ಹೇಳಿದ್ದಲ್ವಾ ಇದು? ನಿಮ್ಮ ಬಾಯಿಂದ ಬಂದಿದ್ದು ತಾನೇ?" ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಎದ್ದು ಹೋಗಿ ಬಾಗಿಲು ಎಳೆದ ರಭಸಕ್ಕೆ ಹಿಡಿ ಕಿತ್ತು ಕೈಗೆ ಬಂತು. ಅದನ್ನು ಹಿಡಿದುಕೊಂಡೇ ಮನೆಗೆ ನಡೆದೆ.

ಹೆಂಡತಿ ಬಾಗಿಲು ತೆಗೆದವಳು ನನ್ನ ಕೈ ನೋಡಿದಳು. "ಪ್ರೈಜು ಕೊಟ್ರಾ?"

ಮಾರನೆಯ ಸಂಜೆ ಸ್ಕ್ರೂಡ್ರೈವರ್ ಹಿಡಿದು ಹೋದೆ. ಬೇರೆಯವರ ಬಾಗಿಲು ಮುರಿದು ಹಾಗೇ ಬಿಡುವ ಜಾತಿ ನನ್ನದಲ್ಲ. ಹಿಡಿ ಕೂರಿಸುತ್ತಿದ್ದಾಗ ಬ್ರೆಡ್ಡಕ್ಕ ಪಕ್ಕದಲ್ಲಿ ಬಂದು ನಿಂತಳು.

"ಅಣ್ಣಾ, ಒಂದು ಕೇಳ್ಲಾ? ಯಾರಾದ್ರೂ ನಿಂಗೆ ಏನಾದ್ರೂ ಕೊಡೋಕೆ ಬಂದ್ರೆ, ಕೇಳಿದ ತಕ್ಷಣ ತಗೊಂಡ್ಬಿಡ್ತೀಯಾ?"

"ಬೇಕಿದ್ರೆ ತಗೋತೀನಿ, ಬೇಡ ಅಂದ್ರೆ ಬೇಡ."

"ಯಜಮಾನ್ರ ಕಡೆ ಹಾಗಲ್ಲ. ಮೊದಲ್ನೇ ಸಲ ಇಲ್ಲ ಅನ್ನಬೇಕು. ಎರಡ್ನೇ ಸಲಾನೂ ಇಲ್ಲ ಅನ್ನಬೇಕು. ಮೂರ್ನೇ ಸಲ ಕೊಟ್ರೆ ತಗೋಬೇಕು. ಇಲ್ದಿದ್ರೆ ಆಸೆಬುರುಕ ಅಂತಾರೆ."

"ನಾನೇನ್ ಕೊಟ್ಟೆ ಅವ್ರಿಗೆ?"

"ಅವ್ರ ಮಾತನ್ನ ಅಷ್ಟು ಚೆನ್ನಾಗಿ ಇನ್ನೊಬ್ರು ಹೇಳಿದ್ದನ್ನ ಅವ್ರು ಯಾವತ್ತೂ ಕೇಳಿರ್ಲಿಲ್ವಂತೆ. ಉಡುಗೊರೆ ಸಿಕ್ಕ ಹಾಗಾಯ್ತಂತೆ. ಮೂರ್ನೇ ಸಲಕ್ಕೆ ಹೌದು ಅನ್ನೋಣ ಅಂತ ಕಾಯ್ತಿದ್ರೆ ನೀನು ಬಾಗ್ಲು ಕಿತ್ಕೊಂಡು ಹೋದೆ."

ನಾನು ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿದೆ. "ಮೇಡಂಗೆ ಇದು ಗೊತ್ತಿತ್ತಾ?"

"ಗೊತ್ತಿಲ್ದೆ?"

ನೇರ ಹೋಗಿ ಕೇಳಿದೆ. ಮೇಡಂ ಬೋರ್ಡು ಒರೆಸುತ್ತಿದ್ದರು. "ನಾನು ಹೇಳಿದ್ರೆ ನೀವು ನನ್ನ ಮಾತು ಕೇಳ್ತಿದ್ರಿ. ಅವ್ರ ಮಾತು ನೀವಾಗೇ ಕೇಳ್ಲಿ ಅಂತ ಬಿಟ್ಟೆ" ಎಂದರು. ಈ ಉತ್ತರ ನನಗೆ ಅವತ್ತೂ ಸರಿಬರಲಿಲ್ಲ, ಇವತ್ತೂ ಸರಿಬರುವುದಿಲ್ಲ. ಯಜಮಾನರು ಮಾತ್ರ ನನ್ನನ್ನು ಕಂಡ ಕೂಡಲೇ ಏನೂ ಆಗಿಲ್ಲವೆಂಬಂತೆ, "ಬಾರಪ್ಪಾ, ಲೋಟ ತೊಳೆಯೋದು ಬಾಕಿ ಇದೆ" ಎಂದು ಕರೆದರು.

ಅದಾದ ಮೇಲೆ ಬಂದದ್ದು ನಿಜವಾದ ಕಷ್ಟ. ಮಾರುಕಟ್ಟೆಯ ನಡುದಾರಿಗಳು ಇಕ್ಕಟ್ಟಾಗಿವೆ, ಬೆಂಕಿಗಿಂಕಿ ಬಿದ್ದರೆ ಜನ ಓಡಲಾಗುವುದಿಲ್ಲ, ಮೆಟ್ಟಿಲ ಕೆಳಗೆ, ದಾರಿ ಬದಿಗೆ ಕೂತವರೆಲ್ಲ ಏಳಬೇಕು ಎಂದು ಕಮಿಟಿ ತೀರ್ಮಾನಿಸಿತು. ತಕರಾರು ಇದ್ದವರು ಗೊತ್ತುಮಾಡಿದ ದಿನ ಬಂದು ತಾವೇ ಹೇಳಿಕೊಳ್ಳಬಹುದು. ಇಂಗ್ಲಿಷಿನಲ್ಲೇ ಹೇಳಬೇಕು. ಪರವಾಗಿ ಇನ್ನೊಬ್ಬರು ಮಾತಾಡುವಂತಿಲ್ಲ. ಕಟಿಂಗ್ ಯಜಮಾನರಿಗೆ ಆ ಕುರ್ಚಿ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಹೊರಗೆ ಅಂಗಡಿ ಹಿಡಿಯುವ ಶಕ್ತಿ ಇಲ್ಲ, ಇನ್ನೊಬ್ಬರ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ವಯಸ್ಸಲ್ಲ.

"ನಾನು ಎದುರು ಮಾತಾಡಲ್ಲ ಮೇಡಂ. ನಂಗಾಗಲ್ಲ. ಏಳಿ ಅಂದ್ರೆ ಎದ್ದು ಹೋಗ್ತೀನಿ" ಎಂದರು ಅವರು.

"ಎಲ್ಲಿಗೆ?" ಎಂದು ಬ್ರೆಡ್ಡಕ್ಕ ಕೇಳಿದಳು. ಕೇಳಿ ಅವರ ಮುಖವನ್ನೇ ನೋಡುತ್ತಾ ನಿಂತಳು.

ಕ್ಲಾಸು ಪೂರ್ತಿ ಅದರ ಹಿಂದೆ ಬಿತ್ತು. ಉದ್ದ ಮೇಜಿನ ಒಂದು ತುದಿಗೆ ಯಜಮಾನರು, ಇನ್ನೊಂದು ತುದಿಗೆ ಕಮಿಟಿ ಅಧ್ಯಕ್ಷನ ವೇಷದಲ್ಲಿ ನಾನು. ನನ್ನನ್ನು ಮೇಡಂ ಯಾಕೆ ಆರಿಸಿದರು ಎಂದು ಕೇಳಬೇಕಿಲ್ಲ. "ನೀವು ಬೇಡ ಅನ್ನೋದ್ರಲ್ಲಿ ಪಳಗಿದ ಕೈ" ಎಂದರು. ನಾನೂ ಬಿಡಲಿಲ್ಲ. ಆಗಲ್ಲ, ಸಾಧ್ಯವಿಲ್ಲ, ಕಾನೂನು, ಬೆಂಕಿ, ಮುಂದಿನವರು ಬನ್ನಿ! ಮೊದಲ ದಿನ ಯಜಮಾನರು ನನ್ನ ಮಾತಿಗೆ ಒಪ್ಪಿ, ಕೈ ಮುಗಿದು, ಕುರ್ಚಿಯನ್ನೂ ಸರಿಯಾಗಿ ಜೋಡಿಸಿಟ್ಟು ಹೊರಟರು. ಲಾರಿ ತಮ್ಮ ಅವರನ್ನು ಬಾಗಿಲಿನಿಂದ ಹಿಡಿದು ತಂದ. ಆಮೇಲಾಮೇಲೆ ಅವರು ನಿಲ್ಲಲು ಕಲಿತರು. "ನಿಮ್ಮ ಮೇಲೆ ನನಗೆ ಗೌರವ ಇದೆ, ಆದರೆ ನಾನು ಒಪ್ಪೋದಿಲ್ಲ" ಎಂಬ ಒಂದು ವಾಕ್ಯ ಹೇಳಲು ಒಂದು ವಾರ ಹಿಡಿಯಿತು. ಹೇಳಿದ ಮೇಲೆ ಬೆವರು ಒರೆಸಿಕೊಂಡು, "ಕೋಪ ಮಾಡ್ಕೋಬೇಡಪ್ಪಾ" ಎಂದು ನನ್ನನ್ನು ಸಮಾಧಾನ ಮಾಡಿದರು.

ನಾವು ಅವರನ್ನು ಎಲ್ಲಕ್ಕೂ ಸಿದ್ಧ ಮಾಡಿದೆವು. ಒಂದಕ್ಕೆ ಮಾತ್ರ ಮಾಡಲಿಲ್ಲ. ನಾನು ಅಧ್ಯಕ್ಷನಾಗಿ ಕೂತು ಒಂದು ದಿನವಾದರೂ ಏನನ್ನಾದರೂ ಕೊಡಲು ಹೋಗಿದ್ದರೆ ತಾನೇ.

ಆ ದಿನ ಬಂತು. ಕಮಿಟಿಯ ಕಚೇರಿ ಕೆಳಗಡೆ, ಗಾಜಿನ ಬಾಗಿಲಿನ ದೊಡ್ಡ ಕೋಣೆ. ಹಿಂದಿನ ಬೆಂಚಿನಲ್ಲಿ ಮೇಡಂ, ಬ್ರೆಡ್ಡಕ್ಕ, ನಾನು. ಲಾರಿ ತಮ್ಮ ದೂರದ ಲೋಡಿಗೆ ಹೋಗಿದ್ದ. ನೋಡಲು ಬಂದವರು ಬಾಯಿ ತೆರೆಯಬಾರದೆಂದು ಮೊದಲೇ ಹೇಳಿದ್ದರು. ಅಧ್ಯಕ್ಷ ನಾನು ಅಂದುಕೊಂಡಂತೆ ಇರಲಿಲ್ಲ. ನೆಗಡಿಯಿಂದ ಮೂಗು ಕೆಂಪಾಗಿದ್ದ, ದಣಿದ ಮುಖದ ಸಭ್ಯ ಮನುಷ್ಯ. ಪಕ್ಕದಲ್ಲಿ ಕಾರ್ಯದರ್ಶಿ, ಅವನು ಮಾತ್ರ ನನ್ನ ವೇಷಕ್ಕೆ ಸರಿಯಾಗಿ ಹೊಂದುತ್ತಿದ್ದ. ಇನ್ನೊಂದು ಮೇಜಿನಲ್ಲಿ ಹೇಳಿದ್ದನ್ನೆಲ್ಲ ಟೈಪ್ ಮಾಡಿಕೊಳ್ಳುವ ಗುಮಾಸ್ತೆ.

ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ನಿಂತರು, ಮಾತಾಡಿದರು. ಮೊದಲು ಕಮಿಟಿಯ ಮಾತನ್ನು ತಿರುಗಿ ಹೇಳಿದರು: ಬೆಂಕಿ ಬಿದ್ದರೆ ದಾರಿ ಬೇಕು, ದಾರಿಯಲ್ಲಿ ಕುರ್ಚಿ ಇದ್ದರೆ ಜನ ಎಡವುತ್ತಾರೆ, ಅಲ್ಲವೇ? ಅಧ್ಯಕ್ಷರು "ಹೌದು, ಅದೇ" ಅಂದುಬಿಟ್ಟರು! ನಾನು ಬ್ರೆಡ್ಡಕ್ಕನ ಮೊಣಕೈ ತಿವಿದೆ. ಆಮೇಲೆ ತಮ್ಮದನ್ನು ಹೇಳಿದರು: ನನ್ನ ಹತ್ತಿರ ಬರುವವರು ಬಹುಪಾಲು ಮುದುಕರು, ಒಬ್ಬರನ್ನೊಬ್ಬರು ನೋಡುವುದೇ ಅಲ್ಲಿ. ಒಬ್ಬರು ಬರದಿದ್ದರೆ ಅವರ ಮನೆಗೆ ಹೋಗಿ ವಿಚಾರಿಸುವವನು ನಾನು. ದಾರಿ ನಿಮಗೆ ಬೇಕು, ನಾನು ಬಿಡುತ್ತೇನೆ. ಆದರೆ ಈ ಕಟ್ಟಡದೊಳಗೆ ಎಲ್ಲಾದರೂ ಒಂದು ಕುರ್ಚಿಯಷ್ಟು ಜಾಗ ಕೊಡಿ.

ಅಧ್ಯಕ್ಷರು ಕಾರ್ಯದರ್ಶಿಯ ಕಿವಿಯಲ್ಲಿ ಏನೋ ಕೇಳಿ, ಮೂಗು ಒರೆಸಿಕೊಂಡು ಹೇಳಿದರು, "ಚೆನ್ನಾಗಿ ಹೇಳಿದ್ರಿ. ಮೆಟ್ಟಿಲ ಕೆಳಗೆ ಇರೋಕಾಗಲ್ಲ. ಆದ್ರೆ ಮುಂಬಾಗಿಲ ಪಕ್ಕ ಹಳೇ ಟಿಕೆಟ್ ಕೌಂಟರ್ ಇದೆ, ಗಾಜಿನ ಕೋಣೆ. ಖಾಲಿ ಇದೆ. ಅದನ್ನ ತಗೋತೀರಾ?"

ಮುಂಬಾಗಿಲು! ಬೆಳಕು, ಗಾಜು, ಎರಡು ಕುರ್ಚಿ ಹಿಡಿಸುವ ಜಾಗ. ನಾವು ಕನಸಿನಲ್ಲೂ ಕೇಳಿರಲಿಲ್ಲ.

ಯಜಮಾನರು ಎದೆಯ ಮೇಲೆ ಕೈ ಇಟ್ಟರು. ಮುಖವೆಲ್ಲ ನಗು. "ಇಲ್ಲ, ಇಲ್ಲ ಸರ್."

ನಾನು ಬೆಂಚಿನ ತುದಿಗೆ ಸರಿದೆ.

ಅಧ್ಯಕ್ಷರು ಹುಬ್ಬೇರಿಸಿದರು. "ಬೇಡ್ವಾ?"

"ಇಲ್ಲ ಸರ್. ಅದು ನನಗೆ ಹೆಚ್ಚಾಯ್ತು."

"ಸರಿ ಹಾಗಾದ್ರೆ" ಎಂದರು ಅಧ್ಯಕ್ಷರು, ಸ್ವಲ್ಪ ಬೇಸರದಿಂದಲೇ. ಗುಮಾಸ್ತೆ ಟೈಪ್ ಮಾಡಿದಳು. ಕಾರ್ಯದರ್ಶಿ ಮುಂದಿನವರ ಹೆಸರು ಕೂಗಲು ಬಾಯಿ ತೆರೆದ.

ಎದ್ದದ್ದು ನನಗೆ ಗೊತ್ತೇ ಆಗಲಿಲ್ಲ. "ಇನ್ನೊಂದ್ಸಲ ಕೇಳ್ರೀ! ಇನ್ನೊಂದೇ ಒಂದ್ಸಲ! ಕೇಳಿದ್ರೆ ನಿಮ್ಮ ಗಂಟೇನ್ ಹೋಗುತ್ತೆ?" ಗಂಟಲು ಹರಿಯುವ ಹಾಗೆ ಕೂಗಿದೆ. ಬಾಗಿಲಿನವನು ನನ್ನ ತೋಳು ಹಿಡಿದು ಎಳೆದಾಗಲೇ ತಿಳಿದದ್ದು, ನಾನು ಕೂಗಿದ್ದೆಲ್ಲ ಅಪ್ಪಟ ಕನ್ನಡದಲ್ಲಿ ಎಂದು. ಅಷ್ಟು ತಿಂಗಳ ಇಂಗ್ಲಿಷು ಆ ಹೊತ್ತಿಗೆ ಎಲ್ಲಿ ಹೋಗಿ ಅಡಗಿತ್ತೋ. ನನ್ನನ್ನು ಹೊರಗೆ ಹಾಕಿ ಗಾಜಿನ ಬಾಗಿಲು ಮುಚ್ಚಿದರು.

ಹೊರಗಿನಿಂದ ನೋಡಿದೆ. ಮೇಡಂ ಎದ್ದು ನಿಂತಿದ್ದರು. ಕಾರ್ಯದರ್ಶಿ ಕೂರುವಂತೆ ಕೈ ಆಡಿಸುತ್ತಿದ್ದ. ಅವರು ಕೂರಲಿಲ್ಲ. ನಡೆದು ಹೋಗಿ ಟೈಪ್ ಮಾಡುವವಳ ಮೇಜಿನ ಪಕ್ಕ ನಿಂತರು. ತುಟಿ ಅಲುಗುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅವರು ಏನಂದರೆಂಬುದನ್ನು ಬ್ರೆಡ್ಡಕ್ಕ ಆಮೇಲೆ ಎಷ್ಟು ಸಲ ಹೇಳಿದಳೆಂದರೆ ನಾನೇ ಒಳಗಿದ್ದೆನೇನೋ ಅನ್ನಿಸುತ್ತದೆ.

"ನೀವು ಇವ್ರಿಗೆ ಸಂಬಂಧಪಟ್ಟವ್ರಾ?" ಎಂದು ಅಧ್ಯಕ್ಷರು ಕೇಳಿದ್ದಾರೆ.

"ಅಲ್ಲ ಸರ್."

"ಹಾಗಾದ್ರೆ ನೀವು ಮಾತಾಡೋ ಹಾಗಿಲ್ಲ."

"ಹೌದು ಸರ್. ನೀವು ಜಾಗ ಕೊಟ್ರಿ, ಅವ್ರು ಬೇಡ ಅಂದ್ರು, ಬರೆದಿದ್ದೂ ಸರಿಯಾಗಿದೆ. ಹೊರಗೆ ಇನ್ನೂ ಜನ ಕಾಯ್ತಿದಾರೆ. ಒಬ್ಬೊಬ್ರನ್ನೂ ಮತ್ತೆ ಮತ್ತೆ ಕೇಳ್ತಾ ಕೂತ್ರೆ ಕೆಲಸ ಮುಗಿಯಲ್ಲ. ನಿಮ್ಮ ಮಾತು ಇಷ್ಟೇ ತಾನೆ?"

"ಹೌದು, ಅದೇ."

"ನಾನು ಅದನ್ನೆಲ್ಲ ಒಪ್ತೀನಿ ಸರ್. ಆದ್ರೆ ಇವ್ರ ಕಡೆ ಮೊದಲೆರಡು ಸಲ ಬೇಡ ಅನ್ನೋದು ಮರ್ಯಾದೆ. ಉತ್ತರ ಇನ್ನೂ ಬಂದಿಲ್ಲ. ಇನ್ನೊಂದು ಸಲ ಕೇಳಿ. ಆಗ್ಲೂ ಬೇಡ ಅಂದ್ರೆ ಕಾನೂನು ಮುರಿದಿದ್ದಕ್ಕೆ ನನ್ನನ್ನ ಏನ್ ಬೇಕಾದ್ರೂ ಮಾಡಿ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡು ಹಾಕಿಕೊಂಡರು. ಅದು ನನಗೂ ಕಂಡಿತು. ಯಜಮಾನರ ಕಡೆ ತಿರುಗಿದರು. "ಆ ಗಾಜಿನ ಕೋಣೆ ತಗೋತೀರಾ?"

"ತಗೋತೀನಿ ಸರ್. ತುಂಬ ಉಪಕಾರ ಆಯ್ತು" ಎಂದರು ಯಜಮಾನರು, ಮೊದಲಿನಿಂದಲೂ ಅದನ್ನೇ ಹೇಳುತ್ತಾ ಬಂದವರಂತೆ.

ಒಳಗಿದ್ದವರೆಲ್ಲ ನಕ್ಕರು. ಟೈಪ್ ಮಾಡುವವಳೂ ನಕ್ಕಳು. ಹೊರಗೆ ನಾನೊಬ್ಬ ಗಾಜಿಗೆ ಮೂಗು ಒತ್ತಿಕೊಂಡು, ಏನಾಯಿತೆಂದು ತಿಳಿಯದೆ ಬಾಗಿಲಿನವನನ್ನು ಬೈಯುತ್ತಿದ್ದೆ. ಯಜಮಾನರು ಹೊರಗೆ ಬಂದು, "ಯಾಕಪ್ಪಾ ಕೂಗಾಡ್ದೆ? ಎಲ್ಲ ಚೆನ್ನಾಗೇ ನಡೀತಿತ್ತಲ್ಲ" ಎಂದು ಕೇಳಿದಾಗ ಅವರ ಕತ್ತು ಹಿಸುಕಬೇಕೆನ್ನಿಸಿತು. ತಬ್ಬಿಕೊಂಡೆ.

ಮುಂದಿನ ವಾರ ಕ್ಲಾಸಿಗೆ ಹೋದರೆ ಕೆಟಲ್ ಕಟ್ಟಿಟ್ಟಿತ್ತು. ಲೋಟಗಳು ಒಂದು ಡಬ್ಬದಲ್ಲಿ. ಮಾರುಕಟ್ಟೆಯ ವ್ಯಾಪಾರಿಗಳ ತಕರಾರಿನಲ್ಲಿ ತಲೆಹಾಕಬಾರದು ಎಂಬ ಷರತ್ತಿನ ಮೇಲೆ ಕಮಿಟಿ ಆ ಕೋಣೆ ಕೊಟ್ಟಿತ್ತಂತೆ. ತಲೆಹಾಕಿದರೆ ಕೋಣೆ ವಾಪಸು. ಕಾರ್ಯದರ್ಶಿ ಅದನ್ನು ಎತ್ತಿ ತೋರಿಸಿದ. ಅಧ್ಯಕ್ಷರು ನೊಂದುಕೊಂಡರಂತೆ, ಆದರೆ ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂದರಂತೆ.

"ಈ ಷರತ್ತು ನಿಮ್ಗೆ ಅವತ್ತೇ ಗೊತ್ತಿತ್ತಾ ಮೇಡಂ?" ಎಂದು ಬ್ರೆಡ್ಡಕ್ಕ ಕೇಳಿದಳು.

"ಗೊತ್ತಿತ್ತು."

"ಎದ್ದು ನಿಂತಾಗ?"

"ಆಗ್ಲೂ ಗೊತ್ತಿತ್ತು."

ನನಗೆ ನೆತ್ತಿಗೇರಿತು. "ನಡೀರಿ, ಹೋಗಿ ಕೇಳೋಣ. ಅಷ್ಟು ವರ್ಷ ವಾದ ಕಲಿಸಿದ್ದೀರಿ, ನಿಮ್ಮದೇ ಕೋಣೆಗೆ ವಾದ ಮಾಡಲ್ವಾ? ಯಾರದ್ದೋ ಕುರ್ಚಿಗೆ ಬಾಯಿ ಬಂತು, ನಿಮ್ಮ ಕೋಣೆಗೆ ಬರಲ್ವಾ?"

ಮೇಡಂ ಲೋಟಗಳ ನಡುವೆ ಹಳೆಯ ಕಾಗದ ತುರುಕುತ್ತಿದ್ದರು. "ನಾನು ಆ ಕಡೆ ಕೂತಿದ್ರೂ ಹಾಗೇ ಹೇಳ್ತಿದ್ದೆ. ಒಪ್ಪಿ ತಗೊಂಡ ಷರತ್ತು ಅದು. ಅವ್ರ ಮಾತನ್ನ ಪೂರ್ತಿ ತಿರುಗಿ ಹೇಳಿ ನೋಡ್ದೆ. ಮುಗಿದ ಮೇಲೆ ಹೇಳೋಕೆ ನನ್ನ ಹತ್ರ ಏನೂ ಉಳೀಲಿಲ್ಲ."

ಕಟಿಂಗ್ ಯಜಮಾನರು ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡರು. ತಮ್ಮ ಗಾಜಿನ ಕೋಣೆಯಲ್ಲೇ ಕ್ಲಾಸು ಮಾಡಿ ಎಂದರು. ಅದರಲ್ಲಿ ಎರಡು ಕುರ್ಚಿ ಹಾಕಿದರೆ ಮೂರನೆಯವರು ನಿಂತೇ ಇರಬೇಕು. ಮೆಟ್ಟಿಲು ಇಳಿಯುವಾಗ ಡಬ್ಬ ನನ್ನ ತಲೆಯ ಮೇಲಿತ್ತು. ನಾನು ಹೇಳಿದೆ, "ಮೇಡಂ, ಬರೆದಿಟ್ಕೊಳ್ಳಿ. ನಾನು ನಿಮ್ಗೊಂದು ಕೋಣೆ ಕೊಡಿಸ್ತೀನಿ."

"ಅಂದ್ರೆ?"

"ಅಂದ್ರೆ ಕೋಣೆ. ನಾಲ್ಕು ಗೋಡೆ, ಒಂದು ಬಾಗ್ಲು."

"ಹಿಡಿ ಗಟ್ಟಿ ಇರೋ ಬಾಗ್ಲಾ?" ಎಂದು ಅವರು ನಕ್ಕರು.

ಡಿಪೋದ ವಿಶ್ರಾಂತಿ ಕೋಣೆ ಸಂಜೆ ಖಾಲಿ ಇರುತ್ತದೆ. ಮ್ಯಾನೇಜರನ್ನು ಕೇಳಿದೆ. "ವಾದ ಮಾಡೋ ಕ್ಲಾಸಾ? ನೀನೂ ಇರ್ತೀಯಾ?" ಎಂದ. ಇರುತ್ತೇನೆ ಎಂದೆ. "ನೀನೊಬ್ಬ ಇರೋದಕ್ಕೇ ನಂಗೆ ಸಾಕಾಗಿದೆ" ಎಂದ. ಶಾಲೆಯೊಂದರಲ್ಲಿ ಕೇಳಿದೆ, ಲೈಬ್ರರಿಯಲ್ಲಿ ಕೇಳಿದೆ. ಲೈಬ್ರರಿಯವಳು ಗಲಾಟೆ ಆಗಬಾರದು ಎಂದಳು, ಅಲ್ಲಿಗೇ ಅದು ಮುಗಿಯಿತು. ಬ್ರೆಡ್ಡಕ್ಕ ಬೇಕರಿಯ ಹಿಂದಿನ ಉಗ್ರಾಣದಲ್ಲಿ ಎರಡು ಸಂಜೆ ನಡೆಸಿದಳು. ಒಲೆಯ ಕಾವಿಗೆ ಕಟಿಂಗ್ ಯಜಮಾನರು ತಲೆ ಸುತ್ತಿ ಬಿದ್ದರು. ಆಮೇಲೆ ಮೇಡಂಗೆ ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ಡಾಕ್ಟರುಗಳ ಮಾತು ಕೇಳಿಸಿಕೊಂಡು ಟೈಪ್ ಮಾಡುವ ಕೆಲಸ ಸಿಕ್ಕಿತು. ಮತ್ತೆ ಬೇರೆಯವರ ಮಾತು.

ಒಮ್ಮೆ ಅವರ ಮನೆಗೆ ಹೋಗಿದ್ದೆ. ಬಾಗಿಲು ತೆಗೆದವರು ಅಕ್ಕ. ಮೇಲಿಂದ ಕೆಳಗೆ ನೋಡಿದರು. "ಓ, ಕೂಗಾಡೋರು ನೀವೇನಾ? ಒಳಗೆ ಬನ್ನಿ. ನಿಮ್ಮ ಮೇಡಂ ಈಗ ಮನೇಲಿ ಶುರು ಮಾಡ್ಕೊಂಡಿದಾಳೆ. ನಾನು ಏನೇ ಅಂದ್ರೂ ಅದನ್ನೇ ತಿರುಗಿಸಿ ಹೇಳಿ 'ಹೌದಾ ಅಕ್ಕಾ, ಅದೇನಾ' ಅಂತ ಕೇಳ್ತಾಳೆ. ನನ್ನ ಮಾತು ನಂಗೇ ಕೇಳಿಸ್ಕೊಳ್ಳೋಕೆ ಆಗಲ್ಲ, ಅಷ್ಟು ಕೆಟ್ಟದಾಗಿರುತ್ತೆ."

ಮೇಡಂ ಟೀ ತಂದರು. ಡಿಪೋದ ಸುದ್ದಿ ಕೇಳಿದರು, ನನ್ನ ಹೆಂಡತಿಯ ಬೆನ್ನುನೋವು ವಿಚಾರಿಸಿದರು, ಯಜಮಾನರ ಗಿರಾಕಿಗಳ ಬಗ್ಗೆ ಕೇಳಿದರು. ಕೋಣೆಯ ಮಾತು ಎತ್ತಲಿಲ್ಲ. ನಾನು ಹೋದದ್ದೇ ಅದಕ್ಕಾಗಿ, ಇನ್ನೂ ಹುಡುಕುತ್ತಿದ್ದೇನೆ ಎಂದು ಹೇಳಲು. ಅವರು ಎತ್ತಿದರೆ ಹೇಳೋಣ ಎಂದು ಕೂತಿದ್ದೆ. ಟೀ ಮುಗಿಯಿತು, ಎದ್ದು ಬಂದೆ.

ಹೋದ ತಿಂಗಳು ಒಂದು ಕೋಣೆ ನೋಡಿದೆ. ಹೊಲಿಗೆ ಅಂಗಡಿಯ ಮೇಲೆ, ಎರಡು ಕಿಟಕಿ, ಕೈತೊಳೆಯುವ ತೊಟ್ಟಿಯೂ ಇದೆ. ಒಡೆಯ ಎಲ್ಲದಕ್ಕೂ ಹೂಂ ಎಂದವನು, ಬರುವವರು ಯಾವ ಯಾವ ಕಡೆಯ ಜನ ಎಂದು ಕೇಳಿದ. ಹೇಳಿದೆ. ಅಂಥವರು ಬೇಡ, ನಿಮ್ಮಂಥವರು ಮಾತ್ರ ಆದರೆ ಕೊಡುತ್ತೇನೆ ಎಂದ. ಅವನ ಮಾತನ್ನು ತಿರುಗಿ ಹೇಳಿದೆ, ನಿಧಾನವಾಗಿ, ಬೆರಳು ಮಡಿಸಿ. ಅವನು ಹೌದು, ಅದೇ ಎಂದ. ಆಮೇಲೆ ನಾನು ಏನಂದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಇಂಗ್ಲಿಷಿನಲ್ಲೇ ಅಂದೆ. ಕೋಣೆ ಸಿಗಲಿಲ್ಲ. ಮೇಡಂಗೆ ಕೊಡಬೇಕಾದದ್ದು ಇನ್ನೂ ಕೊಟ್ಟಿಲ್ಲ.